ನಿಯೋ-ಎಂ8ಎನ್ ಜಿಪಿಎಸ್ ಮಾಡ್ಯೂಲ್: ಎಲ್ಲ ಕ್ಯಾಮೆರಾಗೂ ಒಂದೇ ಟೈಮ್ ಕೊಡೋಕೆ ಇದು ಬೇಕಾ?

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕ್ಯಾಮೆರಾ, ಕಂಪ್ಯೂಟರ್, ಹಾಜರಿ ಮಷೀನ್ ಎಲ್ಲಕ್ಕೂ ಇಂಟರ್ನೆಟ್ ಇದ್ದರೆ ಉಪಗ್ರಹದಿಂದ ಟೈಮ್ ಹಿಡಿಯುವ ಈ ಪುಟ್ಟ ಮಾಡ್ಯೂಲ್ ತಗೋಬೇಡಿ. ದೆಹಲಿಯ ಎನ್‌ಪಿಎಲ್, ಅಂದರೆ ನಮ್ಮ ದೇಶದ ಟೈಮ್ ಇಟ್ಟುಕೊಂಡಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯ, ಕೇಳಿದ ಮಷೀನ್‌ಗಳಿಗೆ ಸರಿಯಾದ ಟೈಮ್ ಹೇಳುವ ಒಂದು ಟೈಮ್ ಸರ್ವರ್ ನಡೆಸುತ್ತದೆ. ಅದರ ವಿಳಾಸ ಹಾಕಿ, ಟೈಮ್‌ಝೋನ್ +5:30 ಆರಿಸಿ, ಕಾಫಿ ಕುಡಿಯೋಕೆ ಹೋಗಿ. ದುಡ್ಡು ಖರ್ಚಿಲ್ಲ. ಕೆಳಗೆ ಬರೆದಿರುವುದೆಲ್ಲ ಇಂಟರ್ನೆಟ್ ಕೊಡಬಾರದ ಜಾಗಗಳಿಗೆ.

ನಾನು ಮೈಸೂರಿನಲ್ಲಿ ಸಿಸಿಟಿವಿ ಮತ್ತು ನೆಟ್‌ವರ್ಕ್ ಕೇಬಲಿಂಗ್ ಕೆಲಸ ಮಾಡುತ್ತೇನೆ. ಕುವೆಂಪುನಗರ, ಶ್ರೀರಾಂಪುರದ ಕಡೆ ಕೆಲವು ಅಪಾರ್ಟ್‌ಮೆಂಟ್, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದೆರಡು ಸಣ್ಣ ಫ್ಯಾಕ್ಟರಿ, ವಿಜಯನಗರದಲ್ಲಿ ಒಂದು ಕಲ್ಯಾಣ ಮಂಟಪ. ಇಷ್ಟು ಜಾಗದ ಕ್ಯಾಮೆರಾಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಯಾವ ಕ್ಯಾಮೆರಾವನ್ನೂ ನಾನು ಇಂಟರ್ನೆಟ್‌ಗೆ ಬಿಡುವುದಿಲ್ಲ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಪ್ರಪಂಚದಾದ್ಯಂತ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೌಟರ್‌ಗಳಿಗೆ ನುಗ್ಗಿತ್ತು. ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಜನ ಹಾಗೇ ಬಿಟ್ಟಿದ್ದರು, ಅದಕ್ಕೆ ಅಷ್ಟೇ ಸಾಕಾಯಿತು. ಅದನ್ನು ಓದಿದ ಮೇಲೆ ಕ್ಯಾಮೆರಾ ನೆಟ್‌ವರ್ಕ್ ಬೇರೆ, ಆಫೀಸ್ ನೆಟ್‌ವರ್ಕ್ ಬೇರೆ ಅಂತ ಮಾಡಿಬಿಟ್ಟೆ. ಆದರೆ ಬಾಗಿಲು ಹಾಕಿದ ಮೇಲೆ ಸರಿಯಾದ ಟೈಮ್ ಕೂಡ ಒಳಗೆ ಬರುವುದಿಲ್ಲ, ಅಲ್ವಾ?

ರೆಕಾರ್ಡರ್ ಒಳಗಿನ ಗಡಿಯಾರ ಒಂದು ಕ್ವಾರ್ಟ್ಜ್ ಹರಳಿನ ಮೇಲೆ ನಡೆಯುತ್ತದೆ. ಅಗ್ಗದ ಹರಳು ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲು ಆಚೀಚೆ ಓಡುವುದು ಮಾಮೂಲು. ಕೇಳೋಕೆ ಏನೂ ಅಲ್ಲ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ: ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ 50 ಸೆಕೆಂಡ್ ದಾಟುತ್ತದೆ, ವರ್ಷಕ್ಕೆ ಹತ್ತು ನಿಮಿಷ. ಒಂದು ರೆಕಾರ್ಡರ್ ಮುಂದಕ್ಕೆ ಓಡಿ ಇನ್ನೊಂದು ಹಿಂದೆ ಬಿದ್ದರೆ ಎರಡರ ನಡುವಿನ ಅಂತರ ಇನ್ನೂ ಜಾಸ್ತಿ.

ಮಂಟಪದಲ್ಲಿ ಆಗಿದ್ದೂ ಇದೇ. ಅಲ್ಲಿ ಬೇರೆ ಬೇರೆ ಕಾಲದಲ್ಲಿ ತಂದ, ಬೇರೆ ಬೇರೆ ಕಂಪನಿಯ ರೆಕಾರ್ಡರ್‌ಗಳಿವೆ. ಮದುವೆಗೆ ಬಂದವರೊಬ್ಬರ ಸ್ಕೂಟರ್ ಹೋಯಿತು. ಪಾರ್ಕಿಂಗ್ ಕ್ಯಾಮೆರಾದಲ್ಲಿ 8:19ಕ್ಕೆ ಒಬ್ಬ ಗಾಡಿ ಹತ್ತುತ್ತಾನೆ. ಗೇಟ್ ಕ್ಯಾಮೆರಾದಲ್ಲಿ ಅದೇ ಗಾಡಿ 8:12ಕ್ಕೇ ಹೊರಗೆ ಹೋಗಿದೆ. ನೋಡೋಕೆ ಬಂದ ಪೊಲೀಸರು ಒಮ್ಮೆ ಪರದೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. "ಏನ್ರೀ ಇದು? ಗಾಡಿ ಮೊದಲು ಹೋಯ್ತು, ಕಳ್ಳ ಆಮೇಲೆ ಬಂದನಾ?" ಅಂದರು. ನಗು ಬಂದರೂ ವಿಷಯ ಸಣ್ಣದಲ್ಲ. ವಿಡಿಯೊ ಕೋರ್ಟಿಗೆ ಹೋಗುವಾಗ ಅದರ ಜೊತೆ ಪ್ರಮಾಣಪತ್ರ ಕೊಡಬೇಕು. ಮೊದಲು ಸಾಕ್ಷ್ಯ ಕಾಯ್ದೆಯ 65ಬಿ ಇತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ. ಎರಡು ಕ್ಯಾಮೆರಾ ಎರಡು ಟೈಮ್ ಹೇಳಿದರೆ ಎದುರು ಪಾರ್ಟಿಯ ವಕೀಲರಿಗೆ ಹಬ್ಬ.

ಹಾಗಾಗಿ ಒಳಗೇ ಒಂದು ಟೈಮ್ ಸರ್ವರ್ ಇಡಬೇಕಾಯಿತು. ರೆಡಿ ಬರುವ ಜಿಪಿಎಸ್ ಟೈಮ್ ಸರ್ವರ್‌ಗಳಿವೆ. ರ್‍ಯಾಕ್‌ನಲ್ಲಿ ಕೂರಿಸುವ ಒಳ್ಳೆಯ ಡಬ್ಬಗಳು, ಆದರೆ ಬೆಲೆ ಕೇಳಿದರೆ ಮಂಟಪದ ಮ್ಯಾನೇಜರ್ ನನ್ನನ್ನೇ ಹೊರಗೆ ಕಳಿಸುತ್ತಾರೆ. ನಾನು ಕಟ್ಟಿದ್ದು ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್, ಅದಕ್ಕೆ ಯು-ಬ್ಲಾಕ್ಸ್ ಕಂಪನಿಯ ನಿಯೋ-ಎಂ8ಎನ್ ಚಿಪ್ ಇರುವ ಜಿಪಿಎಸ್ ಮಾಡ್ಯೂಲ್, ಒಂದು ಹೊರಗಿನ ಆಂಟೆನಾ, ಒಂದು ಡಿಎಸ್3231 ಗಡಿಯಾರ ಚಿಪ್. ಸಾಫ್ಟ್‌ವೇರ್ ಪೂರ್ತಿ ಉಚಿತ. ಮಳೆಗಾಲ ಒಂದು ಪೂರ್ತಿ ಕಳೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಮಾಡ್ಯೂಲ್ ಕೊಳ್ಳುವಾಗ ನೋಡಬೇಕಾದ್ದು ಒಂದೇ: ಪಿಪಿಎಸ್ (ಸೆಕೆಂಡಿಗೊಂದು ಪಲ್ಸ್) ಅಂತ ಬರೆದ ಪಿನ್ ಹೊರಗೆ ತೆಗೆದಿದ್ದಾರಾ? ಅಂಗಡಿಗಳಲ್ಲಿ ಸುಲಭವಾಗಿ ಸಿಗುವ, ಕೆಲವು ನೂರು ರೂಪಾಯಿಯ ಹಳೆಯ ನಿಯೋ-6ಎಂ ಬೋರ್ಡ್‌ಗಳಲ್ಲಿ ಹೆಚ್ಚಿನವಕ್ಕೆ ನಾಲ್ಕೇ ಪಿನ್. ಕರೆಂಟ್, ಗ್ರೌಂಡ್, ಕಳಿಸೋಕೆ ಒಂದು, ತಗೊಳ್ಳೋಕೆ ಒಂದು. ಪಿಪಿಎಸ್ ಸಿಗ್ನಲ್ ಒಳಗಿನ ಪುಟ್ಟ ಎಲ್ಇಡಿ ಮಿಣುಕಿಸುವುದಕ್ಕೆ ಮಾತ್ರ ಹೋಗುತ್ತದೆ. ಅಲ್ಲಿಂದ ಸಾಲ್ಡರ್ ಮಾಡಿ ತಂತಿ ಎಳೆಯಬಹುದು, ಕೈ ನಡುಗದವರು ಮಾಡಲಿ. ಐದನೇ ಪಿನ್ ಇರುವುದನ್ನೇ ಕೊಳ್ಳುವುದು ವಾಸಿ.

ಈ ಪಿನ್‌ಗೆ ಯಾಕಿಷ್ಟು ಮಹತ್ವ? ಜಿಪಿಎಸ್ ಮಾಡ್ಯೂಲ್ ಎರಡು ರೀತಿಯಲ್ಲಿ ಟೈಮ್ ಹೇಳುತ್ತದೆ. ಒಂದು, ಸೀರಿಯಲ್ ತಂತಿಯಲ್ಲಿ ಪ್ರತಿ ಸೆಕೆಂಡ್ ಅಕ್ಷರಗಳಲ್ಲಿ ಬರೆದು ಕಳಿಸುತ್ತದೆ: ಇಂಥ ದಿನ, ಇಷ್ಟು ಗಂಟೆ, ಇಷ್ಟು ನಿಮಿಷ. ಅದಕ್ಕೆ ಎನ್ಎಂಇಎ ಸಂದೇಶ ಅನ್ನುತ್ತಾರೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಅದು ಬಂದು ಮುಟ್ಟುವ ಹೊತ್ತಿಗೆ ನೂರಾರು ಮಿಲಿಸೆಕೆಂಡ್ ಕಳೆದಿರುತ್ತದೆ, ಪ್ರತಿ ಸಲವೂ ಅಷ್ಟೇ ತಡವೂ ಅಲ್ಲ. ಎರಡನೆಯದು ಪಿಪಿಎಸ್. ಸೆಕೆಂಡ್ ಶುರುವಾಗುವ ಕ್ಷಣಕ್ಕೆ ಸರಿಯಾಗಿ ಒಂದು ಪಲ್ಸ್, ಅಷ್ಟೇ. ಕಾರ್ಖಾನೆಯ ಸೈರನ್ ಇದ್ದ ಹಾಗೆ: ಕೂಗಿದ ಕ್ಷಣ ಪಕ್ಕಾ, ಆದರೆ ಎಷ್ಟು ಗಂಟೆ ಅಂತ ಅದು ಹೇಳುವುದಿಲ್ಲ. ಎಷ್ಟು ಗಂಟೆ ಅನ್ನುವುದನ್ನು ಎನ್ಎಂಇಎಯಿಂದ ತಗೊಂಡು, ಯಾವ ಕ್ಷಣ ಅನ್ನುವುದನ್ನು ಪಿಪಿಎಸ್‌ನಿಂದ ತಗೊಂಡು ಎರಡನ್ನೂ ಜೋಡಿಸಬೇಕು. ಆ ಪಲ್ಸಿನ ನಿಖರತೆ ಕಂಪನಿಯ ದಾಖಲೆ ಪ್ರಕಾರ 30 ನ್ಯಾನೊಸೆಕೆಂಡ್. ಪಿಪಿಎಸ್ ತಂತಿ ಇಲ್ಲದೆ ಬರೀ ಸೀರಿಯಲ್ ಹಾಕಿದರೆ, ಇಂಟರ್ನೆಟ್‌ನಿಂದ ಬರುವ ಟೈಮೇ ಇದಕ್ಕಿಂತ ಚೆನ್ನಾಗಿರುತ್ತದೆ. ಅಷ್ಟು ಕಷ್ಟಪಟ್ಟು ಆಂಟೆನಾ ಹಾಕಿದ್ದು ದಂಡ.

ನಕಲಿ ಬಗ್ಗೆ ಒಂದು ಮಾತು. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರಿಂದ ತರಿಸಿದ ಬೋರ್ಡ್ ಮೇಲೆ ಎಂ8ಎನ್ ಅಂತ ಸ್ಟಿಕ್ಕರ್ ಇತ್ತು, ಒಳಗೆ ಹಳೆಯ 6ನೇ ಸರಣಿಯ ಚಿಪ್. ಯು-ಬ್ಲಾಕ್ಸ್‌ನವರೇ ಪುಕ್ಕಟೆ ಕೊಡುವ ಯು-ಸೆಂಟರ್ ಅನ್ನುವ ವಿಂಡೋಸ್ ಸಾಫ್ಟ್‌ವೇರ್ ಇದೆ. ಅದರಲ್ಲಿ ಚಿಪ್ಪಿನ ವರ್ಷನ್ ಕೇಳಿದರೆ ಬಂಡವಾಳ ಬಯಲಾಗುತ್ತದೆ. ವಾಪಸ್ ಮಾಡುವ ಗಡುವು ಮುಗಿಯುವ ಮುಂಚೆ ನೋಡಿಕೊಳ್ಳಿ. ಆಮೇಲೆ ತಂದದ್ದು ಅಸಲಿ.

ಪೈಗೆ ಜೋಡಿಸುವುದು ದೊಡ್ಡ ಕೆಲಸವಲ್ಲ. ಮಾಡ್ಯೂಲ್ ಕಳಿಸುವ ತಂತಿ ಪೈನ 10ನೇ ಪಿನ್‌ಗೆ, ತಗೊಳ್ಳುವ ತಂತಿ 8ಕ್ಕೆ, ಗ್ರೌಂಡ್ 6ಕ್ಕೆ, ಪಿಪಿಎಸ್ 12ಕ್ಕೆ. 12ನೇ ಪಿನ್ ಅಂದರೆ ಜಿಪಿಐಒ 18. ಪೈನ ಪಿನ್‌ಗಳು 3.3 ವೋಲ್ಟ್ ಮಾತ್ರ ತಡೆಯುತ್ತವೆ, 5 ವೋಲ್ಟ್ ಸಿಗ್ನಲ್ ಕೊಟ್ಟರೆ ಸುಟ್ಟುಹೋಗುತ್ತವೆ. ಪೈ 4ರಲ್ಲಿ ಒಳ್ಳೆಯ ಸೀರಿಯಲ್ ಪೋರ್ಟನ್ನು ಬ್ಲೂಟೂತ್ ಇಟ್ಟುಕೊಂಡು ಕೂತಿರುತ್ತದೆ. ಬ್ಲೂಟೂತ್ ಆಫ್ ಮಾಡಿದರೆ ಅದು ನಮಗೆ ಸಿಗುತ್ತದೆ. ಸೀರಿಯಲ್ ಮೇಲೆ ಲಾಗಿನ್ ಕೇಳುವುದನ್ನೂ ನಿಲ್ಲಿಸಬೇಕು. ಇನ್ನೊಂದು, ಪೈ 3 ಮನೆಯಲ್ಲಿ ಬಿದ್ದಿದೆ ಅಂತ ಅದನ್ನೇ ಹಾಕೋಕೆ ಹೋಗಬೇಡಿ. ಅದರಲ್ಲಿ ನೆಟ್‌ವರ್ಕ್ ಯುಎಸ್‌ಬಿ ಮೂಲಕ ಬರುತ್ತದೆ, ಹಾಗಾಗಿ ಟೈಮ್ ಕೊಡುವಾಗ ಅಲುಗಾಟ ಜಾಸ್ತಿ. ಪೈ 4ರಲ್ಲಿ ಆ ತೊಂದರೆ ಇಲ್ಲ.

ನಿಜವಾದ ಕೆಲಸ ಇರುವುದು ಆಂಟೆನಾದಲ್ಲಿ. ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಮೇಲಿವೆ. ಅಲ್ಲಿಂದ ಬರುವ ಸಿಗ್ನಲ್ ಆರ್‌ಸಿಸಿ ತಾರಸಿ ದಾಟಿ ಒಳಗೆ ಬರುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಕಿಟಕಿಯಲ್ಲಿ ಇಟ್ಟರೆ ಬರುತ್ತದೆ, ಆದರೆ ಅರ್ಧ ಆಕಾಶ ಮಾತ್ರ ಕಾಣುತ್ತದೆ, ಗೋಡೆಗೆ ಬಡಿದು ಬಂದ ಸಿಗ್ನಲ್ ಕೂಡ ಸೇರಿಕೊಂಡು ಪಲ್ಸ್ ಅತ್ತಿತ್ತ ಆಗುತ್ತದೆ. ತಾರಸಿಗೇ ಹೋಗಬೇಕು. ಮಂಟಪದ ತಾರಸಿಯಲ್ಲಿ ಏನೇನಿದೆ ಹೇಳುತ್ತೇನೆ: ಸೋಲಾರ್ ವಾಟರ್ ಹೀಟರ್, ಕಪ್ಪು ನೀರಿನ ಟ್ಯಾಂಕ್‌ಗಳು, ಪಕ್ಕದ ಮನೆಯ ಎರಡು ತೆಂಗಿನಮರ, ಯಾವುದೋ ಕಾಲದ ಶಾಮಿಯಾನದ ಕಬ್ಬಿಣದ ಕಂಬಗಳು. ಇವುಗಳ ನಡುವೆ ಎಲ್ಲ ದಿಕ್ಕಿಗೂ ಆಕಾಶ ತೆರೆದಿರುವ ಮೂಲೆ ಹುಡುಕಿದೆ. ಮ್ಯಾಗ್ನೆಟ್ ಇರುವ ಆಂಟೆನಾ ಒಂದು ಕಬ್ಬಿಣದ ತಗಡಿನ ಮೇಲೆ ಕೂತರೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಒಂದು ಅಂಗೈ ಅಗಲದ ತಗಡು ಸಾಕು, ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಸುಮ್ನೆ ಕೇಳಿದರೂ ಕೊಡುತ್ತಾರೆ.

ಆಂಟೆನಾ ಜೊತೆ ಬರುವ ತೆಳ್ಳನೆಯ ಕೇಬಲ್ ಮೂರು ಅಥವಾ ಐದು ಮೀಟರ್. ಸರ್ವರ್ ರ್‍ಯಾಕ್ ಇರುವುದು ನೆಲಮಹಡಿಯಲ್ಲಿ. ಅಷ್ಟು ದೂರಕ್ಕೆ ಈ ಕೇಬಲನ್ನು ಜೋಡಿಸುತ್ತಾ ಹೋದರೆ ಸಿಗ್ನಲ್ ಸೋರಿಹೋಗುತ್ತದೆ. ಅದಕ್ಕೆ ಪೈಯನ್ನೇ ಮೇಲೆ ಕಳಿಸಿದೆ. ಮೆಟ್ಟಿಲ ಮೇಲಿನ ಲಿಫ್ಟ್ ರೂಮ್ ಒಳಗೆ ಒಂದು ಡಬ್ಬದಲ್ಲಿ ಪೈ, ಅಲ್ಲಿಂದ ಆಂಟೆನಾಗೆ ಚಿಕ್ಕ ಕೇಬಲ್, ಕೆಳಗೆ ರ್‍ಯಾಕ್‌ಗೆ ನೆಟ್‌ವರ್ಕ್ ಕೇಬಲ್. ಅದು 100 ಮೀಟರ್‌ವರೆಗೆ ಹೋಗುತ್ತದೆ, ನಮಗೆ ಅದರಲ್ಲಿ ಅರ್ಧವೂ ಬೇಕಾಗಲಿಲ್ಲ. ಪಿಒಇ ಹ್ಯಾಟ್ ಅನ್ನುವ ಸಣ್ಣ ಬೋರ್ಡ್ ಹಾಕಿದರೆ ಕರೆಂಟ್ ಕೂಡ ಅದೇ ಕೇಬಲ್‌ನಲ್ಲಿ ಹತ್ತುತ್ತದೆ, ಕೆಳಗಿನ ಯುಪಿಎಸ್ ಇದನ್ನೂ ನೋಡಿಕೊಳ್ಳುತ್ತದೆ. ಆಂಟೆನಾ ಕೇಬಲನ್ನು ಪಿವಿಸಿ ಪೈಪಿನೊಳಗೆ ಹಾಕಿ. ಮೈಸೂರಿನ ಕೋತಿಗಳ ಬಗ್ಗೆ ಗೊತ್ತಿರುವವರಿಗೆ ಕಾರಣ ಹೇಳಬೇಕಾಗಿಲ್ಲ.

ಆಕಾಶ ತೆರೆದಿದ್ದರೆ ಮಾಡ್ಯೂಲ್ ಅರ್ಧ ನಿಮಿಷದಲ್ಲಿ ಉಪಗ್ರಹ ಹಿಡಿಯುತ್ತದೆ. ಆದರೆ ಹಿಡಿದ ತಕ್ಷಣ ನಂಬಬೇಡಿ. ಜಿಪಿಎಸ್ ಟೈಮ್ ಮತ್ತು ಯುಟಿಸಿ, ಅಂದರೆ ಪ್ರಪಂಚಕ್ಕೆಲ್ಲ ಮೂಲವಾದ ಟೈಮ್, ಇವೆರಡರ ನಡುವೆ ಈಗ 18 ಸೆಕೆಂಡ್ ವ್ಯತ್ಯಾಸ ಇದೆ. ಜಿಪಿಎಸ್ ಗಡಿಯಾರ 1980ರ ಜನವರಿ 6ಕ್ಕೆ ಶುರುವಾಯಿತು, ಆಮೇಲೆ ಭೂಮಿಯ ತಿರುಗುವಿಕೆಗೆ ಹೊಂದಿಸೋಕೆ ಯುಟಿಸಿಗೆ ಸೇರಿಸಿದ ಲೀಪ್ ಸೆಕೆಂಡ್‌ಗಳನ್ನು ಅದು ಸೇರಿಸಿಕೊಳ್ಳುವುದಿಲ್ಲ. ಕೊನೆಯ ಲೀಪ್ ಸೆಕೆಂಡ್ ನಮ್ಮ ಲೆಕ್ಕದಲ್ಲಿ 2017ರ ಜನವರಿ 1ರ ಬೆಳಗ್ಗೆ ಐದೂವರೆಗೆ ಬಂತು. ಎಷ್ಟು ಕಳೆಯಬೇಕು ಅನ್ನುವ ಮಾಹಿತಿ ಉಪಗ್ರಹದಿಂದಲೇ ಬರುತ್ತದೆ, ಆದರೆ ಇಡೀ ಸಂದೇಶ ಒಂದು ಸುತ್ತು ಮುಗಿಯೋಕೆ 12.5 ನಿಮಿಷ. ಹಳೆಯ ಫರ್ಮ್‌ವೇರ್ ಇರುವ ಮಾಡ್ಯೂಲ್ ಅಲ್ಲಿಯವರೆಗೆ ಒಂದೆರಡು ಸೆಕೆಂಡ್ ತಪ್ಪು ಹೇಳಬಹುದು. ಹೊಸದಾಗಿ ಹಾಕಿದಾಗ ಕಾಲು ಗಂಟೆ ಬಿಟ್ಟು ಬನ್ನಿ.

ಸಾಫ್ಟ್‌ವೇರ್‌ಗೆ ಕ್ರೋನಿ. ನೆಟ್‌ವರ್ಕ್‌ನಲ್ಲಿ ಟೈಮ್ ಹಂಚುವ ಪದ್ಧತಿಗೆ ಎನ್‌ಟಿಪಿ ಅನ್ನುತ್ತಾರೆ, ಆ ಕೆಲಸ ಮಾಡುವ ಪ್ರೋಗ್ರಾಂ ಇದು. ಹಳೆಯ ಎನ್‌ಟಿಪಿ ಡೀಮನ್ ಕೂಡ ನಡೆಯುತ್ತದೆ, ಆದರೆ ಕ್ರೋನಿ ಬೇಗ ಸರಿಹೊಂದುತ್ತದೆ, ಸೆಟ್ಟಿಂಗ್ ಫೈಲ್ ಓದಿದರೆ ಅರ್ಥವಾಗುತ್ತದೆ. ಜಿಪಿಎಸ್‌ಡಿ ಅನ್ನುವ ಇನ್ನೊಂದು ಪ್ರೋಗ್ರಾಂ ಮಾಡ್ಯೂಲ್‌ನ ಮಾತು ಕೇಳಿ ಕ್ರೋನಿಗೆ ಕೊಡುತ್ತದೆ, ಪಿಪಿಎಸ್ ನೇರವಾಗಿ ಪೈನ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಿಂದ ಬರುತ್ತದೆ. ಎನ್ಎಂಇಎ ಎಷ್ಟು ತಡವಾಗಿ ಬರುತ್ತದೆ ಅಂತ ನೋಡಿ ಆ ಅಂತರವನ್ನು ಸೆಟ್ಟಿಂಗ್‌ನಲ್ಲಿ ಬರೆಯಬೇಕು. ಅದು ಅರ್ಧ ಸೆಕೆಂಡಿನ ಹತ್ತಿರ ತಪ್ಪಿದರೆ ಪಲ್ಸ್ ಯಾವ ಸೆಕೆಂಡಿನದು ಅನ್ನುವುದೇ ಗೊಂದಲ. ಎಲ್ಲ ಸರಿಯಾದರೆ ಪಟ್ಟಿಯಲ್ಲಿ ಪಿಪಿಎಸ್ ಹೆಸರಿನ ಎದುರು ನಕ್ಷತ್ರದ ಗುರುತು ಬರುತ್ತದೆ. ಆಗ ನಿಮ್ಮ ಪೈ ಸ್ಟ್ರಾಟಮ್ 1, ಅಂದರೆ ಉಪಗ್ರಹದ ಪರಮಾಣು ಗಡಿಯಾರಕ್ಕೆ ನೇರ ಜೋಡಿಸಿದ ಸರ್ವರ್. ನನ್ನದರಲ್ಲಿ ಕ್ರೋನಿ ತೋರಿಸುವ ವ್ಯತ್ಯಾಸ ಸಾಮಾನ್ಯವಾಗಿ ಒಂದು ಮೈಕ್ರೋಸೆಕೆಂಡಿನ ಆಸುಪಾಸು. ಮಧ್ಯಾಹ್ನ ಲಿಫ್ಟ್ ರೂಮ್ ಕಾದಾಗ ಸ್ವಲ್ಪ ಅಲುಗುತ್ತದೆ, ಬಿಸಿಗೆ ಪೈನ ಹರಳೂ ಓಡುತ್ತದೆ. ಜುಲೈನ ಜಿಟಿಜಿಟಿ ಮಳೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಈಗ ನಿಜ ಹೇಳಬೇಕು. ಕ್ಯಾಮೆರಾಗೆ ಈ ಮೈಕ್ರೋಸೆಕೆಂಡಿಂದ ಏನೂ ಉಪಯೋಗವಿಲ್ಲ. ಅದು ಪರದೆಯ ಮೂಲೆಯಲ್ಲಿ ಬರೆಯುವುದೇ ಸೆಕೆಂಡ್‌ವರೆಗೆ. ಸರ್ವರನ್ನು ಕೇಳುವುದೂ ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ, ನೀವು ಹೇಗೆ ಹಾಕಿರುತ್ತೀರೋ ಹಾಗೆ. ಮೈಕ್ರೋಸೆಕೆಂಡ್ ಬೇಕಿರುವುದು ವಿದ್ಯುತ್ ಗ್ರಿಡ್ ಅಳೆಯುವವರಿಗೆ, ಮೊಬೈಲ್ ಟವರ್‌ನವರಿಗೆ. ಅವರಲ್ಲಿ ಹಲವರು ಎನ್‌ಟಿಪಿ ಬಿಟ್ಟು ಪಿಟಿಪಿ ಅನ್ನುವ ಬೇರೆ ವಿಧಾನ ಬಳಸುತ್ತಾರೆ. ನಮಗೆ ಬೇಕಾಗಿದ್ದು ಎಲ್ಲ ರೆಕಾರ್ಡರ್ ಒಂದೇ ಸೆಕೆಂಡ್ ಹೇಳುವುದು, ಇಂಟರ್ನೆಟ್ ಇಲ್ಲದೆ ಹೇಳುವುದು. ಅಷ್ಟು ಇದು ಮಾಡುತ್ತದೆ. ಉಳಿದದ್ದು ನನ್ನಂಥವರ ಚಪಲ.

ರೆಕಾರ್ಡರ್ ಕಡೆಯೂ ಒಮ್ಮೆ ಕಣ್ಣಾಡಿಸಿ. ಎನ್‌ಟಿಪಿ ಕೊಡುವುದು ಯುಟಿಸಿ ಮಾತ್ರ. +5:30 ಸೇರಿಸುವುದು ರೆಕಾರ್ಡರ್ ಕೆಲಸ. ಕೆಲವು ಮೆನುಗಳಲ್ಲಿ ಡಿಎಸ್‌ಟಿ, ಅಂದರೆ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ವಿದೇಶದ ಪದ್ಧತಿ, ಮೊದಲೇ ಆನ್ ಆಗಿರುತ್ತದೆ. ಆಫ್ ಮಾಡದಿದ್ದರೆ ಬೇಸಿಗೆಯಲ್ಲಿ ಎಷ್ಟು ಒಳ್ಳೆಯ ಸರ್ವರ್ ಇದ್ದರೂ ಒಂದು ಗಂಟೆ ತಪ್ಪು.

ಮಂಟಪದ ಮ್ಯಾನೇಜರ್‌ಗೆ ಇದೆಲ್ಲ ಹೇಳಿದಾಗ ಅವರು ಕೇಳಿದ್ದು, "ಹಾಗಾದ್ರೆ ಹಾಲ್‌ನಲ್ಲಿ ಒಂದು ದೊಡ್ಡ ಗಡಿಯಾರ ಹಾಕಿಬಿಡಿ, ನಮ್ಮ ದೊಡ್ಡ ಗಡಿಯಾರದ ಹಾಗೆ ಕನ್ನಡ ಅಂಕಿ ಬರುತ್ತಾ?" ಬರುವುದಿಲ್ಲ ಅಂದೆ, ನೆಟ್‌ವರ್ಕ್‌ಗೆ ಜೋಡಿಸುವ ಮಾಮೂಲಿ ಎಲ್ಇಡಿ ಗಡಿಯಾರಕ್ಕೆ 1927ರಲ್ಲಿ ಮೈಸೂರಿನಲ್ಲಿ ಕಟ್ಟಿದ ಆ ದೊಡ್ಡ ಗಡಿಯಾರದ ಗೋಪುರದ ಗತ್ತು ಎಲ್ಲಿಂದ ಬರಬೇಕು. ಆದರೂ ಹಾಕಿಕೊಟ್ಟೆ. ಮದುವೆ ಮಾಡಿಸೋಕೆ ಬಂದಿದ್ದ ಪುರೋಹಿತರು ಅದನ್ನು ತಮ್ಮ ಮೊಬೈಲ್ ಜೊತೆ ಹೋಲಿಸಿ ನೋಡಿದರು. "ಲಗ್ನಕ್ಕೆ ನಿಮಿಷ ಸರಿ ಇದ್ರೆ ಸಾಕು ಸ್ವಾಮಿ, ನಿಮ್ಮ ಮೈಕ್ರೋ ಗೀಕ್ರೋ ಯಾಕೆ" ಅಂದರು. ಆಮೇಲೆ ಅವರೇ ಒಂದು ಲೆಕ್ಕ ಹೇಳಿದರು, ನನಗೆ ಅದು ಖುಷಿಯಾಯಿತು. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಮೈಸೂರು ಇರುವುದು 76.65ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷ. ಹಾಗಾಗಿ ಇಲ್ಲಿನ ಸೂರ್ಯ ಗಡಿಯಾರಕ್ಕಿಂತ ಸರಾಸರಿ 23 ನಿಮಿಷ ಹಿಂದೆ. ನ್ಯಾನೊಸೆಕೆಂಡ್ ಹಿಡಿದುಕೊಂಡು ಕೂತಿದ್ದವನಿಗೆ ಅದು ಹೊಳೆದೇ ಇರಲಿಲ್ಲ.

ಡಿಎಸ್3231 ಯಾಕೆ ಅಂದರೆ, ಪೈ 4ಗೆ ಸ್ವಂತ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದರೆ ಉಪಗ್ರಹ ಸಿಗುವ ತನಕ ಅದು ಯಾವುದೋ ಹಳೆಯ ಟೈಮ್ ಹೇಳುತ್ತದೆ. ಈ ಚಿಪ್ ಶಾಖಕ್ಕೆ ತಕ್ಕಂತೆ ತನ್ನನ್ನು ಸರಿಮಾಡಿಕೊಳ್ಳುತ್ತದೆ, ವರ್ಷಕ್ಕೆ ಒಂದೆರಡು ನಿಮಿಷದ ಒಳಗೇ ಇರುತ್ತದೆ ಅಂದುಕೊಳ್ಳಿ. ಪೈ 5ರಲ್ಲಿ ಗಡಿಯಾರ ಒಳಗೇ ಇದೆ, ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು.

ಕಾನೂನಿನ ಕಡೆ ಒಂದು ವಿಷಯ ಇದೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದ ಪ್ರಕಾರ ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ಎನ್ಐಸಿ (ಸರ್ಕಾರದ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಸಂಸ್ಥೆ) ಅಥವಾ ಎನ್‌ಪಿಎಲ್ ಸರ್ವರ್‌ಗೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಸರ್ವರ್‌ಗೆ ಹೊಂದಿಸಬೇಕು. ಹಾಗಾಗಿ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಪೈಗೆ ಮಾತ್ರ ಫೈರ್‌ವಾಲ್ ಮೂಲಕ ಎನ್‌ಪಿಎಲ್‌ಗೆ ಒಂದು ಸಣ್ಣ ದಾರಿ ಬಿಟ್ಟಿದ್ದೇನೆ. ಜಿಪಿಎಸ್ ಜೊತೆ ಅದನ್ನೂ ಹೋಲಿಸಿ ನೋಡುತ್ತದೆ. ಬ್ರಾಡ್‌ಬ್ಯಾಂಡ್‌ನಲ್ಲಿ ಬರುವ ಟೈಮ್ ಕೆಲವು ಮಿಲಿಸೆಕೆಂಡ್ ಅತ್ತಿತ್ತ ಇರುತ್ತದೆ. ಅದು ಎನ್‌ಪಿಎಲ್ ತಪ್ಪಲ್ಲ. ಹೋಗುವ ದಾರಿ, ಬರುವ ದಾರಿ ಎರಡಕ್ಕೂ ಒಂದೇ ಹೊತ್ತು ಹಿಡಿಯುತ್ತದೆ ಅಂತ ಎನ್‌ಟಿಪಿ ಅಂದುಕೊಳ್ಳುತ್ತದೆ, ನಿಜದಲ್ಲಿ ಹಾಗಿರುವುದಿಲ್ಲ. ಹೊರಗಿನಿಂದ ಒಳಗೆ ಎನ್‌ಟಿಪಿ ಬಳಸುವ 123ನೇ ಪೋರ್ಟ್ ಮಾತ್ರ ಯಾವತ್ತೂ ತೆರೆಯಬೇಡಿ. ತೆರೆದಿಟ್ಟ ಎನ್‌ಟಿಪಿ ಸರ್ವರ್‌ಗಳನ್ನು ಬಳಸಿಕೊಂಡು 2014ರಲ್ಲಿ ಭಾರೀ ದಾಳಿಗಳೇ ನಡೆದಿವೆ.

ಎಂ8ಎನ್ ಮೇಲೆ ನನಗಿರುವ ಬೇಸರ ಎರಡು. ಅದು ಜಿಪಿಎಸ್, ಗ್ಲೋನಾಸ್, ಗೆಲಿಲಿಯೊ, ಬೈಡೂ ಅನ್ನುವ ಹೊರದೇಶಗಳ ಉಪಗ್ರಹ ಜಾಲಗಳನ್ನೆಲ್ಲ ಹಿಡಿಯುತ್ತದೆ, ನಮ್ಮ ನಾವಿಕ್ ಹಿಡಿಯುವುದಿಲ್ಲ. ಇಸ್ರೋದ ಆ ಉಪಗ್ರಹಗಳನ್ನು ನಡೆಸುವ ಕೇಂದ್ರಗಳಲ್ಲಿ ಒಂದು ಹಾಸನದಲ್ಲಿದೆ. ಇಲ್ಲಿಂದ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದು. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇದೆ. ಇಷ್ಟಿದ್ದೂ ತಾರಸಿ ಮೇಲಿನ ನನ್ನ ಡಬ್ಬ ಬೇರೆ ದೇಶಗಳ ಗಡಿಯಾರ ನೋಡುತ್ತಾ ಕೂತಿದೆ. ಇನ್ನೊಂದು, ಇದು ದಾರಿ ತೋರಿಸೋಕೆ ಮಾಡಿದ ಮಾಡ್ಯೂಲ್, ಟೈಮ್‌ಗೆ ಅಂತಲೇ ಮಾಡಿದ್ದಲ್ಲ. ಇದೇ ಸರಣಿಯ ಎಂ8ಟಿಗೆ ಜಾಗ ಒಮ್ಮೆ ಹೇಳಿಕೊಟ್ಟರೆ ಒಂದೇ ಉಪಗ್ರಹ ಸಿಕ್ಕಿದರೂ ಟೈಮ್ ಕೊಡುತ್ತದೆ. ಸುತ್ತ ಎತ್ತರದ ಕಟ್ಟಡ ಇರುವ ಕಡೆ ಅದನ್ನೇ ನೋಡಿ, ಬೆಲೆ ಜಾಸ್ತಿಯಾದರೂ ಪರವಾಗಿಲ್ಲ. ಎಂ8ಎನ್ ಕೊಂಡಿದ್ದರೆ ಯು-ಸೆಂಟರ್‌ನಲ್ಲಿ "ನಿಂತ ಜಾಗ" ಅನ್ನುವ ಮೋಡ್ ಆರಿಸಿ, ಅಷ್ಟು ಮಟ್ಟಿಗೆ ಸುಧಾರಿಸುತ್ತದೆ.

ನಾಲ್ಕು ಸ್ಟಾರ್ ಕೊಡುತ್ತೇನೆ. ಮಾಡ್ಯೂಲ್‌ಗೆ ಒಂದು ವರ್ಷದ ವಾರಂಟಿ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಆಂಟೆನಾಗೆ ಯಾರೂ ಕೊಡುವುದಿಲ್ಲ, ಹಾಗಾಗಿ ಒಂದು ಹೆಚ್ಚಿಗೆ ತಂದಿಟ್ಟುಕೊಳ್ಳಿ. ಕಲ್ಯಾಣ ಮಂಟಪದಲ್ಲಿ ಹಾಕುವುದಾದರೆ ಆಷಾಢದಲ್ಲಿ ಹಾಕಿ. ಮದುವೆಗಳಿರುವುದಿಲ್ಲ, ತಾರಸಿ ಕೀ ಕೇಳಿದ ತಕ್ಷಣ ಸಿಗುತ್ತದೆ.